ಕೆಮ್ಮಿನ ಕೂಟಕ್ಕೆ ಸೀಸೆ ಹೊತ್ತಿದ್ದು

ಕೆಮ್ಮು ಎಂದರೆ ಏನು ಎಂದು ನಾಲ್ಕು ಜನ ಓದಿದವರು ಮೂರು ಶನಿವಾರ ಜಗಳ ಆಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬರು ಹದಿನೈದು ದಿನ ಬಿಡದೆ ಬಂದರೆ ಮಾತ್ರ ಕೆಮ್ಮು ಅಂದರು. ಇನ್ನೊಬ್ಬರು ಒಂದು ತಿಂಗಳು ಅಂದರು. ಕಫ ಬಿದ್ದರೆ ಒಂದು ಲೆಕ್ಕ, ಬೀಳದಿದ್ದರೆ ಬೇರೆ ಲೆಕ್ಕ ಅಂದರು ಮೂರನೆಯವರು. ಅಷ್ಟು ಹೊತ್ತೂ ಅಡುಗೆಮನೆ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ನನಗೆ ಒಳಗಿನ ಒಗ್ಗರಣೆ ಘಾಟಿಗೆ ಕೆಮ್ಮು ಬಂತು. ಒಬ್ಬರೂ ತಿರುಗಿ ನೋಡಲಿಲ್ಲ. ನನ್ನದು ಅವರ ಲೆಕ್ಕಕ್ಕೆ ಸೇರದ ಕೆಮ್ಮು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಒಂದು ಆಸ್ಪತ್ರೆಯಲ್ಲಿ ಆಯಾ. ಹನುಮಂತನಗರದಲ್ಲಿ ಗುಡ್ಡದ ಕೆಳಗೆ ಒಂದು ವಠಾರದ ಕೋಣೆಯಲ್ಲಿ ಇದ್ದೆ. ಗಂಡ ಇದ್ದ, ಆಮೇಲೆ ಇರಲಿಲ್ಲ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಓದು ಅಂದರೆ ಅಂಕಿ ಗೊತ್ತಿತ್ತು, ಚೀಟಿಯ ಮೇಲೆ ಹೆಸರು ಬರೆಯುವಷ್ಟು ಅಕ್ಷರ ಗೊತ್ತಿತ್ತು. ಒತ್ತಕ್ಷರ ಇರುವ ಹೆಸರಾದರೆ ಒತ್ತು ಬಿಟ್ಟು ಬರೆಯುತ್ತಿದ್ದೆ. ಅದರಿಂದ ಯಾರೂ ಸತ್ತಿಲ್ಲ.

ಆ ಕಾಲದಲ್ಲಿ ಒಂದೊಂದು ಆಸ್ಪತ್ರೆಯವರು ಒಂದೊಂದು ರಿಜಿಸ್ಟರ್ ಇಟ್ಟುಕೊಂಡು ಅದನ್ನು ಇನ್ನೊಬ್ಬರಿಗೆ ತೋರಿಸುತ್ತಿರಲಿಲ್ಲ. ಕ್ಷಯದ ರೋಗಿ ಇಲ್ಲಿಂದ ಓಡಿಹೋಗಿ ಅಲ್ಲಿ ಸೇರಿದರೆ ಇವರ ಪುಸ್ತಕದಲ್ಲಿ ಕಳೆದುಹೋದ, ಅವರ ಪುಸ್ತಕದಲ್ಲಿ ಹೊಸಬ. ನಮ್ಮ ಹಿರಿಯ ಡಾಕ್ಟರು ರಿಟೈರ್ ಆಗಿ ಜಯನಗರದಲ್ಲಿ ಮನೆ ಕಟ್ಟಿಸಿದರು. ಸುತ್ತ ಬರೀ ಖಾಲಿ ಸೈಟು, ಮಾತಾಡಲು ಜನ ಇಲ್ಲ. ಹೆಂಡತಿಯ ತಲೆ ತಿನ್ನುವುದು ಮುಗಿದ ಮೇಲೆ ಅವರಿಗೆ ಒಂದು ಯೋಚನೆ ಬಂತು. ರೋಗಿಯ ವಿಷಯದಲ್ಲಿ ಆಸಕ್ತಿ ಇರುವವರು ಯಾವ ಆಸ್ಪತ್ರೆಯವರಾದರೂ ಸರಿ, ಶನಿವಾರ ಮಧ್ಯಾಹ್ನ ಮನೆಗೆ ಬನ್ನಿ, ಎಲ್ಲರೂ ಸೇರಿ ಒಂದೇ ಪ್ರಶ್ನೆ ಇಟ್ಟುಕೊಂಡು ಉತ್ತರ ಹುಡುಕೋಣ ಎಂದು ಕಾಗದ ಬರೆದರು. ಬಂದವರಲ್ಲಿ ಕೊನೆಯವರೆಗೆ ಉಳಿದವರು ಮೂವರು. ಇನ್ನೊಂದು ಆಸ್ಪತ್ರೆಯ ಡಾಕ್ಟರು, ಅವರಿಗೆ ಟೈ ಇಲ್ಲದೆ ಮಾತು ಬರುತ್ತಿರಲಿಲ್ಲ. ಕಾಲೇಜಿನ ಲೆಕ್ಕದ ಮೇಷ್ಟ್ರು, ಅವರಿಗೆ ಪೆನ್ಸಿಲ್ ಇಲ್ಲದೆ ಬರುತ್ತಿರಲಿಲ್ಲ. ಮೂರನೆಯವರು ನಮ್ಮ ವಾರ್ಡಿನ ಸಿಸ್ಟರು. ಅವರಿಗೆ ಮಾತು ಬರುತ್ತಿತ್ತು, ಆಡಲು ಬಿಡುತ್ತಿರಲಿಲ್ಲ.

ಕೂಟಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿಟ್ಟರು. ನಾನೂ ಸಿಸ್ಟರೂ ಕೆಮ್ಮಿನ ಕೂಟ ಎನ್ನುತ್ತಿದ್ದೆವು. ಮೊದಲ ದಿನವೇ ಹಿರಿಯ ಡಾಕ್ಟರು, ಈ ಹಜಾರದಲ್ಲಿ ದೊಡ್ಡವರು ಚಿಕ್ಕವರು ಇಲ್ಲ, ಚಪ್ಪಲಿಯ ಜೊತೆ ಅದನ್ನೂ ಹೊರಗೆ ಬಿಟ್ಟು ಬನ್ನಿ ಎಂದು ಭಾಷಣ ಮಾಡಿದರು. ಎಲ್ಲರೂ ಚಪ್ಪಲಿ ಬಿಟ್ಟರು. ಸಿಸ್ಟರ ಜೊತೆ ಹೋಗಿದ್ದ ನನಗೆ ಕಾಫಿ ತಟ್ಟೆ ಕೊಟ್ಟರು.

ಅವರ ಪ್ರಶ್ನೆ ಏನೋ ಸರಿಯಾಗಿಯೇ ಇತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಕಡಿಮೆ, ಕ್ಷಯದವರು ಜಾಸ್ತಿ. ರೋಗಿ ತನ್ನ ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೆ ವಾಸಿ ಆಗುತ್ತದೋ ಇಲ್ಲವೋ ಎಂಬುದು ಪ್ರಶ್ನೆ. ಅದಕ್ಕೆ ಕೋಣನಕುಂಟೆಯ ಆಚೆಯ ಒಂದು ಹಳ್ಳಿ ಹಿಡಿದರು. ಅಲ್ಲಿ ಒಂದೇ ಬೀದಿಯಲ್ಲಿ ಐದು ಮನೆಯಲ್ಲಿ ಐದು ಜನಕ್ಕೆ ಕ್ಷಯ ಇತ್ತು. ದಿನಕ್ಕೆ ಒಂದು ಹಿಡಿ ಮಾತ್ರೆ. ಹುಣಸೆ ಬೀಜದಷ್ಟು ದಪ್ಪ, ಬಾಯಿಗಿಟ್ಟರೆ ಹೊಟ್ಟೆ ತೊಳಸುವಂಥವು. ತಿಂಗಳಿಗೊಮ್ಮೆ ಮಾತ್ರೆ ಮುಟ್ಟಿಸಬೇಕು. ನಡುವೆ ಎರಡು ಸಲ ಹೇಳದೆ ಕೇಳದೆ ಹೋಗಿ ಸೀಸೆಯಲ್ಲಿ ಉಚ್ಚೆ ತರಬೇಕು. ಅವರು ಯೂರಿನ್ ಎನ್ನುತ್ತಿದ್ದರು, ವಸ್ತು ಅದೇ. ಅದಕ್ಕೆ ಹಿರಿಯ ಡಾಕ್ಟರು ಯಾವುದೋ ನೀರು ನಾಲ್ಕು ತೊಟ್ಟು ಬಿಟ್ಟರೆ, ಮಾತ್ರೆ ನುಂಗಿದವರದು ಕೆಂಪಗೆ ತಿರುಗುತ್ತಿತ್ತು. ನುಂಗದವರದು ಹಾಗೇ ಇರುತ್ತಿತ್ತು. ನುಂಗಿಲ್ಲ ಎಂದು ಗೊತ್ತಾದರೆ ಆಸ್ಪತ್ರೆಯ ವ್ಯಾನು ಬಾಗಿಲಿಗೇ ಹೋಗಿ ಎತ್ತಿಕೊಂಡು ಬರಬೇಕು ಎಂಬುದು ಟೈ ಡಾಕ್ಟರು ಮಾಡಿದ ನಿಯಮ. ವ್ಯಾನಿನ ಎರಡೂ ಪಕ್ಕ ರೋಗದ ಹೆಸರನ್ನು ಊರಿಗೆಲ್ಲ ಕಾಣುವ ಹಾಗೆ ಬರೆದಿತ್ತು.

ಈ ಕೆಲಸಕ್ಕೆ ನನ್ನನ್ನು ಹಾಕಿದರು. ಬಿಳಿ ಸೀರೆಯ ಸಿಸ್ಟರು ಹೋದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಇವಳಾದರೆ ಯಾರಿಗೂ ಕಾಣುವುದಿಲ್ಲ ಎಂದು ಹಿರಿಯ ಡಾಕ್ಟರು ನನ್ನೆದುರಿಗೇ ಹೇಳಿದರು. ನಿಜವೇ.

ಬನಶಂಕರಿ ಗುಡಿಯವರೆಗೆ ನಡೆದು, ಅಲ್ಲಿಂದ ಕನಕಪುರ ರಸ್ತೆಯ ಬಸ್ಸು ಹಿಡಿಯುತ್ತಿದ್ದೆ. ವಾಪಸು ಬರುವಾಗ ಚೀಲದಲ್ಲಿ ಐದು ಸೀಸೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಒಂದು ದಿನ ಕಂಡಕ್ಟರ್ ಕೇಳಿದ.

“ಏನಮ್ಮ ಅದು, ಜೇನುತುಪ್ಪನಾ?”

“ಉಚ್ಚೆ.”

“ಯಾರ್ದು?”

“ಐದು ಜನದ್ದು. ಬೇಕಾ?”

ಅಂದಿನಿಂದ ಆ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟು ನನಗೊಬ್ಬಳಿಗೇ ಸಿಗುತ್ತಿತ್ತು.

ಹಳ್ಳಿಗೆ ನಾನು ಹೋಗುತ್ತಿದ್ದದ್ದು ಮಧ್ಯಾಹ್ನ, ದೊಡ್ಡವರೆಲ್ಲ ಹೊಲಕ್ಕೆ ಹೋದ ಮೇಲೆ. ಖಾಲಿ ಸೀಸೆ ಕೊಟ್ಟರೆ ರೋಗಿ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತಿನಲ್ಲಿ ತುಂಬಿಸಿ ತಂದುಕೊಡುತ್ತಿದ್ದರು. ಯಾರೂ ತಕರಾರು ಮಾಡಲಿಲ್ಲ. ಕುಡಿಯಲು ಮಜ್ಜಿಗೆಯನ್ನೂ ಕೊಡುತ್ತಿದ್ದರು. ಜಯನಗರದಲ್ಲಿ ನಾಲ್ಕು ತೊಟ್ಟು ಬಿದ್ದ ಕೂಡಲೇ ಐದೂ ಸೀಸೆ ಕೆಂಪಗಾಗುತ್ತಿದ್ದವು. ಪ್ರತಿ ಸಲವೂ ಐದಕ್ಕೆ ಐದು. ಮೇಷ್ಟ್ರು ಗೆರೆ ಎಳೆದು ಬಣ್ಣ ತುಂಬಿದರು. ಟೈ ಡಾಕ್ಟರು ಇದನ್ನು ಡೆಲ್ಲಿಯಲ್ಲಿ ನಡೆಯುವ ದೊಡ್ಡ ಸಭೆಗೆ ಕಳಿಸಲೇಬೇಕು ಅಂದರು. ಹಿರಿಯ ಡಾಕ್ಟರು ಬರೆದು ಕಳಿಸಿಯೇಬಿಟ್ಟರು. ಆ ಶನಿವಾರ ಅವರ ಹೆಂಡತಿ ಕೇಸರಿಬಾತು ಮಾಡಿದ್ದರು. ನನಗೂ ಒಂದು ಚಮಚ ಬಂತು.

ಆದರೆ ನನಗೆ ಐದನೆಯ ಮನೆಯ ಸೊಸೆಯ ಮೇಲೆ ಅನುಮಾನ ಇತ್ತು. ಇಪ್ಪತ್ತು ದಾಟಿರದ ಹೆಣ್ಣು, ಸೊಂಟದ ಮೇಲೆ ವರ್ಷ ತುಂಬಿದ ಹೆಣ್ಣು ಮಗು. ತವರಿಗೆ ಹೋಗಿದ್ದಾಗ ಅವಳ ಅಣ್ಣ ನಮ್ಮ ಆಸ್ಪತ್ರೆಗೆ ತಂದು ತೋರಿಸಿದ್ದ. ಅಲ್ಲಿಂದ ಅವಳ ಹೆಸರು ಪಟ್ಟಿಗೆ ಬಂದಿತ್ತು. ಸೀಸೆಯ ಪ್ರಕಾರ ಅವಳು ದಿನಾ ಹಿಡಿ ಮಾತ್ರೆ ನುಂಗುವ ಉತ್ತಮ ರೋಗಿ. ಮೈ ಮಾತ್ರ ಸಲದಿಂದ ಸಲಕ್ಕೆ ಕರಗುತ್ತಿತ್ತು. ನನಗೆ ಡಾಕ್ಟರಿಕೆ ಗೊತ್ತಿಲ್ಲ. ಆದರೆ ನೂರಾರು ರೋಗಿಗಳನ್ನು ಮಗ್ಗುಲು ಹೊರಳಿಸಿ ಬಟ್ಟೆ ಬದಲಾಯಿಸಿದ್ದೇನೆ. ಯಾವ ಬೆನ್ನು ಎದ್ದು ಮನೆಗೆ ಹೋಗುತ್ತದೆ, ಯಾವುದು ಮಸಣಕ್ಕೆ ಹೋಗುತ್ತದೆ ಎಂದು ಕೈಗೆ ಗೊತ್ತಾಗುತ್ತದೆ.

ಒಂದು ದಿನ ಎಂದಿನಂತೆ ಹೋದೆ. ಮೊದಲ ಮನೆಯವಳು, ಈಗ ತಾನೆ ಹೋಗಿ ಬಂದೆ ಕಣಕ್ಕ, ನಾಳಿದ್ದು ಬಾ ಅಂದಳು. ಎರಡನೆಯವನು ಬೆಳಗಿನಿಂದ ಬರುತ್ತಲೇ ಇಲ್ಲ ಎಂದು ಹೊಟ್ಟೆ ಒತ್ತಿಕೊಂಡ. ಮೂರನೆಯ ಮನೆಯವಳು ಸೀಸೆ ತೆಗೆದುಕೊಂಡು ಹಿತ್ತಲಿಗೆ ಹೋದಳು, ತುಂಬ ಹೊತ್ತು ಬಿಟ್ಟು ಅದನ್ನು ಖಾಲಿಯಾಗಿಯೇ ತಂದು, ಇವತ್ತು ಯಾಕೋ ಆಗಲ್ಲ ಎಂದು ನೆಲ ನೋಡಿದಳು. ನಾಲ್ಕನೆಯ ಮನೆ ಒಬ್ಬ ತಾತನದು. ಹುಲ್ಲು ಮಾರುವವನು, ಎದೆ ಬಡಿದುಕೊಂಡು ಮಾತ್ರೆ ನುಂಗುವವನು. ಬೀಗ ಹಾಕಿತ್ತು. ಎದುರು ಮನೆಯವಳನ್ನು ಕೇಳಿದೆ.

“ತಾತ ಮದ್ವೆಗೆ ಹೋಗವ್ರೆ ಕಣಕ್ಕ. ಮೂರು ದಿನ ಆಯ್ತದೆ ಬರಾದು.”

ನಾನು ಬೀದಿಯ ನಡುವೆ ನಿಂತುಬಿಟ್ಟೆ. ಒಬ್ಬ ಮುದುಕ ಮದುವೆಗೆ ಹೋಗಿದ್ದಕ್ಕೆ ಒಂದು ಬೀದಿಗೇ ಉಚ್ಚೆ ನಿಂತುಹೋಗಿತ್ತು.

ಸೀದಾ ಸೊಸೆಯ ಮನೆಗೆ ಹೋಗಿ ಜಗಲಿಯ ಮೇಲೆ ಕೂತೆ. ಅತ್ತೆ ರಾಗಿ ಹೊಲದಲ್ಲಿದ್ದಳು, ಕಿವಿ ಕೇಳದ ಮುದಿ ಮಾವ ಆಚೆ ತುದಿಯಲ್ಲಿ ನಿದ್ದೆಯಲ್ಲಿದ್ದ. ನಾನು ಅಲ್ಲಿಯವರೆಗೆ ಆ ಅತ್ತೆಯನ್ನು ನೋಡಿರಲಿಲ್ಲ, ಅವಳೂ ನನ್ನನ್ನು ನೋಡಿರಲಿಲ್ಲ. ಸೊಸೆ ಮಜ್ಜಿಗೆ ತಂದಳು. ಇವತ್ತು ಆಗುವುದಿಲ್ಲ ಅಂದಳು.

“ಯಾಕೆ, ನೀನೂ ಮದುವೆಗೆ ಹೋಗಿದ್ಯಾ?”

ಅವಳಿಗೆ ನಗು ಬಂತು. ನಗು ಕೆಮ್ಮಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ತೆಗೆದಾಗ ಸೆರಗಿನಲ್ಲಿ ರಕ್ತ ಇತ್ತು. ಕೂಟದಲ್ಲಿ ಎಷ್ಟೇ ಜಗಳ ಆಡಿದರೂ ಅದು ಕೆಮ್ಮೇ.

ಆಮೇಲೆ ಎಲ್ಲ ಹೇಳಿದಳು. ಮೊದಲ ತಿಂಗಳೇ ನಾಲ್ಕು ಮನೆಯವರೂ ಮಾತ್ರೆ ನುಂಗುವುದು ಬಿಟ್ಟಿದ್ದರು. ಆದರೆ ಅಷ್ಟು ದೂರದಿಂದ ಬಂದ ಹೆಂಗಸನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಹೆಪ್ಪಿಗೆ ಮೊಸರು ಕೇಳಿ ತರುವ ಹಾಗೆ ತಾತನ ಹಿತ್ತಲಿಗೆ ಹೋಗಿ ತರುತ್ತಿದ್ದರು. ತಾತ ಇದಕ್ಕೆಂದೇ ಒಂದು ಮಡಕೆ ಇಟ್ಟು ಮುಚ್ಚಳ ಮುಚ್ಚಿದ್ದ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿದ್ದರಿಂದ ಯಾವುದೂ ಬೀದಿ ದಾಟುತ್ತಿರಲಿಲ್ಲ. ಅವರದೂ ಒಂದು ಕೂಟವೇ. ಅಧ್ಯಕ್ಷರು ಇರಲಿಲ್ಲ, ಕೆಲಸ ನಡೆಯುತ್ತಿತ್ತು.

ಉಳಿದವರು ನುಂಗದೆ ಇದ್ದದ್ದು ಹೊಟ್ಟೆ ತೊಳಸುವುದಕ್ಕೆ. ಇವಳದು ಬೇರೆ. ಇವಳ ಅತ್ತೆಗೆ ಕ್ಷಯ ಎಂದು ಗೊತ್ತಿಲ್ಲ. ಹೆರಿಗೆಯಾದ ಮೇಲೆ ರಕ್ತ ಕಡಿಮೆ ಎಂದುಕೊಂಡಿದ್ದಾಳೆ. ಗೊತ್ತಾದರೆ ಅಂದೇ ಇವಳ ಗಂಟು ತವರಿಗೆ, ಮಗು ಇಲ್ಲಿ, ಗಂಡನಿಗೆ ಇನ್ನೊಂದು ಹೆಣ್ಣು. ಓರಗಿತ್ತಿಗೆ ಹಾಗೇ ಆಗಿತ್ತಂತೆ. ಎರಡಂಕಣದ ಮನೆಯಲ್ಲಿ ಏಳು ಜನ. ಹಿಡಿ ಮಾತ್ರೆಯನ್ನು ಯಾವ ಮರೆಯಲ್ಲಿ ನುಂಗುವುದು? ಹೀಗಾಗಿ ತಿಪ್ಪೆಗೆ ಸುರಿಯುತ್ತಿದ್ದಳು. ಆ ವರ್ಷ ಅವರ ತಿಪ್ಪೆಗಂತೂ ಕ್ಷಯ ಬಂದಿರಲಿಕ್ಕಿಲ್ಲ.

“ಹೇಳ್ಬ್ಯಾಡ ಅಕ್ಕ,” ಅಂದಳು. “ವ್ಯಾನು ಬಂದ್ರೆ ನಾನು ಕೆಟ್ಟೆ.”

“ಹೇಳ್ದಿದ್ರೆ ಸಾಯ್ತೀಯ.”

“ಸತ್ರೆ ಮಗೀನ ಪಕ್ಕದಾಗೆ ಸಾಯ್ತೀನಿ.”

ನಾನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಬಂದೆ. ಬಸ್ಸಿನಲ್ಲಿ ಚೀಲ ಸದ್ದು ಮಾಡಿದ್ದಕ್ಕೆ ಕಂಡಕ್ಟರ್ ದೂರ ಸರಿದ. ಎಲ್ಲವೂ ಖಾಲಿ ಸೀಸೆ ಎಂದು ಅವನಿಗೇನು ಗೊತ್ತು.

ಶನಿವಾರ ಮೇಷ್ಟ್ರು ಡೆಲ್ಲಿಯಲ್ಲಿ ಓದಬೇಕಾದ್ದನ್ನು ಓದಿ ತೋರಿಸುತ್ತಿದ್ದರು. ಟೈ ಡಾಕ್ಟರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಐದಕ್ಕೆ ಐದು ಎಂಬಲ್ಲಿಗೆ ಬಂದಾಗ ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ.

“ಅದು ಐದಲ್ಲ ಸಾರ್. ಒಂದು.”

ಮೇಷ್ಟ್ರು ಕನ್ನಡಕ ತೆಗೆದರು. “ಏನು ಒಂದು?”

“ಐದೂ ಸೀಸೆ ಒಬ್ಬ ತಾತಂದು.”

ಸಿಸ್ಟರು ನಗು ತಡೆಯಲಾರದೆ ಬಾಯಿಗೆ ಕೈ ಇಟ್ಟುಕೊಂಡರು. ಟೈ ಡಾಕ್ಟರು ಮೊದಲು ಇವಳನ್ನು ಕೆಲಸದಿಂದ ತೆಗೆಯಿರಿ, ಇಷ್ಟು ತಿಂಗಳು ಏನು ನೋಡುತ್ತಿದ್ದಳು ಅಂದರು. ರೋಗಿ ಸೀಸೆ ತುಂಬಿಸುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು ಎಂದು ನೀವೂ ಹೇಳಲಿಲ್ಲ, ನನಗೂ ತೋಚಲಿಲ್ಲ ಅಂದೆ. ಹಿರಿಯ ಡಾಕ್ಟರ ಕಿವಿ ಕೆಂಪಗಾಗಿತ್ತು, ಯಾವ ತೊಟ್ಟೂ ಹಾಕದೆ.

“ಹಾಗಾದ್ರೆ ನುಂಗದೆ ಇರೋರು ನಾಲ್ಕು ಜನ,” ಅಂದರು ಟೈ ಡಾಕ್ಟರು. “ವ್ಯಾನ್ ಹೋಗ್ಲಿ, ನೀನು ಜೊತೆಗೆ ಹೋಗಿ ಮನೆ ತೋರಿಸು.”

“ತೋರಿಸಲ್ಲ ಸಾರ್.”

“ತೋರಿಸಲ್ಲ ಅಂದ್ರೆ?”

“ಅಲ್ಲೊಬ್ಬಳು ಸೊಸೆ ಇದಾಳೆ. ರಕ್ತ ಕಕ್ತಾ ಇದಾಳೆ. ವ್ಯಾನ್ ಹೋದ್ರೆ ಅವಳ ಮಗು ಹೋಯ್ತು, ಮನೆ ಹೋಯ್ತು. ಹೋಗ್ದಿದ್ರೆ ಅವಳೇ ಹೋಗ್ತಾಳೆ. ಮೂರನೇದು ಏನಾದ್ರೂ ಇದ್ರೆ ಹುಡುಕಿ. ಅದಕ್ಕೇ ತಾನೆ ಕೂಟ ಮಾಡಿರೋದು?”

ಇಷ್ಟು ಮಾತಾಡಿದ ಮೇಲೆ ಕೆಲಸ ಹೋಯಿತು ಎಂದೇ ತಿಳಿದು ಅಡುಗೆಮನೆಯಿಂದ ನನ್ನ ಚೀಲ ತರಲು ತಿರುಗಿದೆ. ಆಗ ಮೇಷ್ಟ್ರು ತಾವೇ ಎದ್ದು ಒಂದು ಕುರ್ಚಿ ಎಳೆದರು.

“ಕೂತ್ಕೊಳ್ಳಿ,” ಅಂದರು. “ಆ ಮನೇಲಿ ಬೆಳಿಗ್ಗೆ ಎದ್ದಾಗಿಂದ ಯಾರು ಎಲ್ಲಿರ್ತಾರೆ, ಒಂದೊಂದೇ ಹೇಳಿ.”

ಆ ಮನೆಯ ಕುರ್ಚಿಯನ್ನು ಅಷ್ಟು ದಿನ ಒರೆಸಿದ್ದೆ, ಕೂತಿರಲಿಲ್ಲ. ಕೂತರೆ ಅಷ್ಟೇನೂ ಸುಖವಾಗಿರಲಿಲ್ಲ, ಬೆತ್ತ ಚುಚ್ಚುತ್ತಿತ್ತು. ನನಗೆ ಗೊತ್ತಿದ್ದಷ್ಟು ಹೇಳಿದೆ. ಮೇಷ್ಟ್ರು ಗೆರೆ ಎಳೆದು ಚೌಕಾಬಾರದ ಹಾಗೆ ಮನೆ ಮನೆ ಮಾಡಿ ಬರೆದರು. ಮಾವ ಇಲ್ಲಿ, ಅತ್ತೆ ಅಲ್ಲಿ, ಗಂಡ ಇಂಥ ಹೊತ್ತಿಗೆ, ಮಗು ಯಾವಾಗಲೂ. ಮಧ್ಯಾಹ್ನ ಮುದಿ ಮಾವ ಜಗಲಿಯ ತುದಿಯಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾನೆ, ಪಕ್ಕದ ಮನೆಯ ಹೆಂಗಸರು ಬಂದು ಹೋಗುತ್ತಾರೆ. ಬಯಲಿಗೆ ಹೋಗುವಾಗಲೂ ಜೊತೆಗೆ ಅತ್ತೆ. ಇಡೀ ಕಾಗದದಲ್ಲಿ ಒಂದು ಖಾಲಿ ಮನೆ ಉಳಿಯಲಿಲ್ಲ.

ಮನೆ ಬಿಟ್ಟು ಎಲ್ಲಿಗಾದರೂ ಹೋಗುತ್ತಾಳೆಯೇ ಎಂದು ಕೇಳಿದರು. ದೇವರಿಗೆ ಹರಕೆ ಇದ್ದರೆ ಯಾವ ಅತ್ತೆಯೂ ಬೇಡ ಅನ್ನುವುದಿಲ್ಲ ಅಂದೆ. ಮಂಗಳವಾರ, ಶುಕ್ರವಾರ ಬನಶಂಕರಿಗೆ ಎಷ್ಟೋ ಹೆಂಗಸರು ಆ ಕಡೆಯಿಂದ ನಡೆದು ಬರುತ್ತಾರೆ.

ಆಗ ಸಿಸ್ಟರು ಬಾಯಿ ಬಿಟ್ಟರು. ವಾರಕ್ಕೆ ಎರಡೇ ಸಲ ಸೂಜಿ, ಜೊತೆಗೆ ಎದುರಿಗೇ ನಿಂತು ನುಂಗಿಸುವ ಬೇರೆ ಮಾತ್ರೆ, ಹೀಗೆ ಎಲ್ಲೋ ಮಾಡಿ ನೋಡುತ್ತಿದ್ದಾರೆ ಎಂದು ಹಿರಿಯ ಡಾಕ್ಟರೇ ಒಂದು ಪುಸ್ತಕ ಓದಿ ಹೇಳಿರಲಿಲ್ಲವೇ ಅಂದರು. ಹಿರಿಯ ಡಾಕ್ಟರು ಹೌದು ಎನ್ನಬೇಕಾಯಿತು.

“ನಾವು ಸಂಶೋಧನೆ ಮಾಡ್ತಿದೀವೋ ಹರಿಕಥೆ ಮಾಡ್ತಿದೀವೋ?” ಎಂದು ಟೈ ಡಾಕ್ಟರು ಎದ್ದು ಚಪ್ಪಲಿ ಹಾಕಿಕೊಂಡರು. ಎರಡು ವಾರ ಬರಲಿಲ್ಲ. ಆಮೇಲೆ ಬಂದರು, ಕೇಸರಿಬಾತಿನ ವಾಸನೆ ಹಿಡಿದು ಬಂದರು ಎಂದು ಹಿರಿಯ ಡಾಕ್ಟರ ಹೆಂಡತಿ ಹೇಳುತ್ತಿದ್ದರು.

ಒಂದು ಮಾತು ಹೇಳಬೇಕು. ಹಿರಿಯ ಡಾಕ್ಟರು ಸೋಮವಾರವೇ ಡೆಲ್ಲಿಗೆ ಇನ್ನೊಂದು ಕಾಗದ ಬರೆದರು. ನಾವು ಕಳಿಸಿದ್ದು ತಪ್ಪು, ನಮ್ಮ ಸೀಸೆಗಳು ಸುಳ್ಳು ಹೇಳಿವೆ, ದಯವಿಟ್ಟು ತೆಗೆದುಹಾಕಿ ಎಂದು. ಅದನ್ನು ನನ್ನ ಕೈಯಲ್ಲೇ ಪೋಸ್ಟಿಗೆ ಹಾಕಿಸಿದರು. ಅಷ್ಟು ಓದಿದವರು ಹಾಗೆ ಬರೆದದ್ದನ್ನು ನಾನು ಮತ್ತೆ ಕಂಡಿಲ್ಲ. ಅವರು ಕಾಫಿಗೆ ಸಕ್ಕರೆ ಸಾಲದು ಎಂದು ಪ್ರತಿ ಶನಿವಾರ ಬೈಯುತ್ತಿದ್ದದ್ದನ್ನು ಅವತ್ತು ನಾನು ಮಾಫಿ ಮಾಡಿದೆ.

ಗುಡಿಯ ಹಿಂದೆ ಮೇಷ್ಟ್ರ ನೆಂಟರ ಒಂದು ಕೋಣೆ ಖಾಲಿ ಇತ್ತು. ಸಿಸ್ಟರು ಅಲ್ಲಿ ಸೀಮೆಎಣ್ಣೆ ಸ್ಟೌವ್ ಇಟ್ಟು ಸೂಜಿ ಕುದಿಸುತ್ತಿದ್ದರು. ನಾನು ಹಳ್ಳಿಗೆ ಹೋಗಿ ಸೊಸೆಗೆ ಹೇಳಿದೆ. ಅವಳು ಮನೆಯಲ್ಲಿ ಹರಕೆ ಹೇಳಿಕೊಂಡಳು. ಬೀದಿಯ ಉಳಿದ ಮೂವರಿಗೂ ವ್ಯಾನು ಬರುವುದಿಲ್ಲ, ದಿನಾ ಹಿಡಿ ಮಾತ್ರೆಯೂ ಇಲ್ಲ ಎಂದು ಗೊತ್ತಾದ ಕೂಡಲೇ ಭಕ್ತಿ ಬಂತು. ತಾತನಿಗೆ ಮಾತ್ರ ಬೇಜಾರಾಯಿತು. ಮದುವೆ ಊಟದಿಂದ ಬಂದವನು ನನ್ನನ್ನು ತಡೆದು ನಿಲ್ಲಿಸಿದ.

“ನನ್ನದ್ರಾಗೆ ಏನಾರ ದೋಸ ಐತಾ?”

“ಇಲ್ಲ ತಾತ. ಅದೇ ತಾಪತ್ರಯ ಆಗಿದ್ದು.”

“ನಾಕು ಮನೆ ಮಾನ ಉಳಿಸ್ತಿದ್ದೆ ಕಣವ್ವ,” ಅಂದ.

ಮೊದಲ ಶುಕ್ರವಾರ ಸೊಸೆಯ ಜೊತೆ ಅತ್ತೆಯೂ ಬಂದಳು. ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಮೇಷ್ಟ್ರ ಕಾಗದದಲ್ಲಿ ಅತ್ತೆಗೆ ಕಾಲಿರಲಿಲ್ಲ. ನಾನು ಗುಡಿಯ ಕಲ್ಲಿನ ಮೇಲೆ ಕೂತಿದ್ದವಳು ಎದ್ದು ಹೋಗಿ, ನಾನೂ ಹರಕೆಯವಳೇ ಎಂದು ಮಾತಿಗೆ ಎಳೆದೆ. ಈ ಹರಕೆಯಲ್ಲಿ ಸೊಸೆ ಒಬ್ಬಳೇ ಇಪ್ಪತ್ತೊಂದು ಸುತ್ತು ಬರಬೇಕು, ನೆಂಟರು ಹಿಂದೆ ಹೋಗಬಾರದು, ತಿರುಗಿಯೂ ನೋಡಬಾರದು, ನೋಡಿದರೆ ಫಲ ಇಲ್ಲ ಅಂದೆ. ಆ ನಿಯಮ ಹುಟ್ಟಿದ್ದು ಆ ನಿಮಿಷ, ನನ್ನ ಬಾಯಲ್ಲಿ. ಕೆಲವು ತಿಂಗಳಲ್ಲಿ ಗುರುತಿಲ್ಲದ ಹೆಂಗಸರೂ ಅತ್ತೆಯರನ್ನು ಗೋಡೆ ಕಡೆಗೆ ಮುಖ ಮಾಡಿ ಕೂರಿಸಿ ಸುತ್ತು ಹಾಕುವುದನ್ನು ನೋಡಿದೆ. ಅವರಿಗೂ ಏನೋ ಕೆಲಸ ಇದ್ದಿರಬೇಕು.

ಸೊಸೆ ಎರಡು ಸುತ್ತು ಹಾಕಿ ಹಿಂದಿನ ಕೋಣೆಗೆ ಹೋಗಿ, ಸೂಜಿ ಹಾಕಿಸಿಕೊಂಡು, ಮಾತ್ರೆ ನುಂಗಿ, ಬಾಯಿ ತೆರೆದು ಸಿಸ್ಟರಿಗೆ ತೋರಿಸಿ ಬರುತ್ತಿದ್ದಳು. ಅಷ್ಟು ಹೊತ್ತು ಅತ್ತೆಯನ್ನು ಹಿಡಿದಿಡುವುದು ನನ್ನ ಪಾಲು. ಅವಳ ಮಂಡಿ ನೋವು, ಸತ್ತ ಎಮ್ಮೆ, ಮೈದುನನ ಹೆಂಡತಿ ಕದ್ದ ಒರಳು, ಎಲ್ಲವನ್ನೂ ವಾರಕ್ಕೆ ಎರಡು ಸಲ ಕೇಳಿದೆ. ಆಸ್ಪತ್ರೆಯಲ್ಲಿ ಮಲ ಬಾಚಿದ್ದೇನೆ, ಹೆಣ ತೊಳೆದಿದ್ದೇನೆ. ಇದರಷ್ಟು ಕಷ್ಟ ಅನ್ನಿಸಿರಲಿಲ್ಲ.

ಎರಡು ಮೂರು ತಿಂಗಳಾದ ಮೇಲೆ ಒಂದು ಶನಿವಾರ ಮೇಷ್ಟ್ರು ಹೊಸ ಗೆರೆಗಳ ಕಾಗದ ಹಿಡಿದು ಚಿಂತೆಯಲ್ಲಿದ್ದರು. ಸೊಸೆ ಮಂಗಳವಾರ, ಶುಕ್ರವಾರ ಬರುತ್ತಾಳೆ, ಆದರೆ ನಡುವೆ ಒಂದೊಂದು ಸಲ ತಪ್ಪಿಸುತ್ತಾಳೆ. ತಪ್ಪಿಸುವುದೂ ಲೆಕ್ಕದ ಪ್ರಕಾರ, ಹೆಚ್ಚೂ ಕಡಿಮೆ ಇಪ್ಪತ್ತೆಂಟು ದಿನಕ್ಕೊಮ್ಮೆ. ಅಮಾವಾಸ್ಯೆ ಹುಣ್ಣಿಮೆಗೆ ಹೊಂದಿಸಿ ನೋಡಿದರು. ಟೈ ಡಾಕ್ಟರು ಆ ಊರಿನ ಸಂತೆಗೆ ಹೊಂದಿಸಿ ನೋಡಿದರು. ಹಿರಿಯ ಡಾಕ್ಟರು ಬಸ್ಸಿನ ವೇಳಾಪಟ್ಟಿ ತರಿಸಬೇಕು ಅಂದರು. ಮೂವರು ಗಂಡಸರು, ಮೂವರಿಗೂ ಹೆಂಡತಿ ಮಕ್ಕಳು ಇದ್ದರು. ಸಿಸ್ಟರು ನನ್ನ ಮುಖ ನೋಡಿದರು, ನಾನು ಸಿಸ್ಟರ ಮುಖ ನೋಡಿದೆ. ಒಳಗಿನಿಂದ ಹಿರಿಯ ಡಾಕ್ಟರ ಹೆಂಡತಿಯೇ ಕೂಗಿ ಹೇಳಿದರು.

“ಮುಟ್ಟಾದಾಗ ದೇವಸ್ಥಾನಕ್ಕೆ ಹೋಗ್ತಾರೇನ್ರೀ?”

ಮೂವರೂ ಒಟ್ಟಿಗೆ ಕಾಫಿ ಲೋಟಕ್ಕೆ ಮುಖ ಹಾಕಿದರು. ಮೇಷ್ಟ್ರು ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು.

ನಗು ಬಂದರೂ ಆ ತಪ್ಪು ನಗುವಂಥದ್ದಲ್ಲ. ಹಾಗೆ ಔಷಧ ಬಿಟ್ಟು ಬಿಟ್ಟು ಕೊಟ್ಟರೆ ರೋಗ ಅದಕ್ಕೆ ಒಗ್ಗಿಬಿಡುತ್ತದೆ, ಆಮೇಲೆ ಯಾವುದಕ್ಕೂ ಬಗ್ಗುವುದಿಲ್ಲ ಎಂದು ಸಿಸ್ಟರು ಹೇಳಿದರು. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಮೇಷ್ಟ್ರು ಮೊದಲ ಸಲ ಯಾರು ಎಲ್ಲಿರುತ್ತಾರೆ ಎಂದು ಕೇಳಿ ಬರೆದುಕೊಂಡಾಗ ಈ ಮೂರು ದಿನದ ಮಾತನ್ನು ಗಂಡಸರೆದುರು ಹೇಳಲು ನಾಚಿ ನುಂಗಿಬಿಟ್ಟಿದ್ದೆ. ಉಚ್ಚೆ ಅನ್ನಲು ನಾಚದವಳಿಗೆ ಇದಕ್ಕೆ ನಾಚಿಕೆ. ಆ ಮೂರು ದಿನ ಅವಳನ್ನು ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಹೊರಗೆ ಕೂರಿಸುತ್ತಾರೆ. ಯಾರೂ ಹತ್ತಿರ ಬರುವುದಿಲ್ಲ, ಮುಟ್ಟುವುದಿಲ್ಲ, ಅತ್ತ ನೋಡುವುದೂ ಇಲ್ಲ. ಆ ಮನೆಯಲ್ಲಿ ಅವಳು ಒಬ್ಬಳೇ ಇರುವ ಹೊತ್ತು ಇದ್ದದ್ದೇ ಅದು. ಮೇಷ್ಟ್ರ ಕಾಗದದಲ್ಲಿ ಸಿಗದ ಖಾಲಿ ಜಾಗವನ್ನು ನಾನೇ ಮುಚ್ಚಿಟ್ಟಿದ್ದೆ.

ಆ ದಿನಗಳಿಗೆ ಸೂಜಿ ಇಲ್ಲದಿದ್ದರೂ ನಡೆಯುವ ಹಾಗೆ ದಿನದ ಮಾತ್ರೆ ಕಟ್ಟಿಕೊಡೋಣ ಎಂದು ಹಿರಿಯ ಡಾಕ್ಟರು ಒಪ್ಪಿದರು. ಕೊಟ್ಟಿಗೆಗೆ ಮುಟ್ಟಿಸುವವರು ಯಾರು? ನಾನು ಆ ಹೊತ್ತಿಗೆ ಸರಿಯಾಗಿ ಹೋಗಲಾರೆ, ಅತ್ತೆಗೆ ಈಗ ನನ್ನ ಮುಖದ ಗುರುತು ಬೇರೆ ಇತ್ತು. ತಾತನನ್ನು ಕೇಳಿದೆ. ಹುಲ್ಲು ಮಾರುವವನು ಯಾರ ಕೊಟ್ಟಿಗೆಗೆ ಹೋದರೂ ಯಾರೂ ಏನೂ ಅನ್ನುವುದಿಲ್ಲ. ತಾತನ ಮುಖ ಅರಳಿತು. ಹುಲ್ಲಿನ ಹೊರೆಯಲ್ಲಿ ಮಾತ್ರೆಯ ಪೊಟ್ಟಣ ಸಿಕ್ಕಿಸಿ ಚಪ್ಪರದ ಪಕ್ಕ ಹಾಕಿ, ಅವಳು ನುಂಗುವವರೆಗೆ ಎಮ್ಮೆಯ ಜೊತೆ ಮಾತಾಡುತ್ತಾ ನಿಲ್ಲುತ್ತಿದ್ದನಂತೆ. ಒಂದು ದಿನವೂ ತಪ್ಪಿಸಲಿಲ್ಲ. ಕೂಟದಲ್ಲಿ ಯಾರೂ ಅವನ ಹಾಗೆ ಕೆಲಸ ಮಾಡಿದ್ದಿಲ್ಲ.

ಒಂದೂವರೆ ವರ್ಷ ನಡೆಯಿತು. ಸೊಸೆಯ ಕೆನ್ನೆ ತುಂಬಿತು. ಅತ್ತೆ ಅದನ್ನು ನನಗೇ ತೋರಿಸಿ, ನೋಡು, ದೇವಿ ಹೆಂಗೆ ಕಣ್ಣು ಬಿಟ್ಟಳು ಎನ್ನುತ್ತಿದ್ದಳು. ಕೊನೆಗೆ ಮೂರು ಸಲ ಕಫ ಪರೀಕ್ಷೆ ಮಾಡಿದರು, ಮೂರು ಸಲವೂ ಏನೂ ಇರಲಿಲ್ಲ. ಮಗುವಿಗೂ ಏನೂ ಅಂಟಿರಲಿಲ್ಲ. ಬೀದಿಯ ಉಳಿದವರಲ್ಲಿ ಎರಡನೆಯ ಮನೆಯವನು ಸತ್ತ. ಭಕ್ತಿ ಅವನಿಗೆ ಬೇಗ ಇಳಿದಿತ್ತು. ಮಿಕ್ಕವರು ಉಳಿದರು. ಈ ಸಲ ಬರೆದು ಕಳಿಸುವಾಗ ಗುಡಿ ಎಂದು ಬರೆಯುವುದೋ ಬೇಡವೋ ಎಂದು ಕೂಟದಲ್ಲಿ ಎರಡು ಶನಿವಾರ ಜಗಳವಾಯಿತು. ಕೊನೆಗೆ ‘ಸಾರ್ವಜನಿಕರು ಸೇರುವ ಸ್ಥಳದ ಸಮೀಪ’ ಎಂದು ಹಾಕಿದರು. ಹುಲ್ಲಿನ ತಾತ ‘ಸ್ಥಳೀಯ ಸ್ವಯಂಸೇವಕ’ ಆದ. ನಾನು ಯಾವುದೂ ಆಗಲಿಲ್ಲ, ಆದರೆ ಕುರ್ಚಿ ನನ್ನದೇ ಆಯಿತು. ಕಾಫಿಯನ್ನು ಟೈ ಡಾಕ್ಟರು ಎದ್ದು ತಂದುಕೊಳ್ಳಬೇಕಾಯಿತು.

ಕೆಲವು ವರ್ಷ ಬಿಟ್ಟು ಬನಶಂಕರಿ ಬಸ್ ಸ್ಟಾಪಿನಲ್ಲಿ ಆ ಅತ್ತೆ ಸೊಸೆಯನ್ನು ನೋಡಿದೆ. ಸೊಸೆಯ ಪಕ್ಕದಲ್ಲಿ ಲಂಗ ಹಾಕಿದ ಹುಡುಗಿ, ಸೊಂಟದ ಮೇಲೆ ಇನ್ನೊಂದು ಮಗು. ಅವಳು ನನ್ನನ್ನು ಕಂಡ ಕೂಡಲೇ ಕಂಬದ ಆಚೆಗೆ ಸರಿದು, ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ನಿಂತಳು. ಒಂದೇ ಒಂದು ಸಲವೂ ಇತ್ತ ತಿರುಗಲಿಲ್ಲ. ನನಗೆ ಬೇಜಾರಾಗಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ನಾನು ಅವಳ ಬೆನ್ನನ್ನು ನೋಡಿದೆ. ಚೆನ್ನಾಗಿ ಮಾಂಸ ತುಂಬಿದ ಬೆನ್ನು.

ಅತ್ತೆ ಮಾತ್ರ ನನ್ನನ್ನು ಬಿಡಲಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಏನವ್ವ, ಇಷ್ಟು ಸೊರಗಿದೀಯ? ನಿನ್ನ ಹರಕೆ ಇನ್ನೂ ತೀರಿಲ್ವಾ?”

“ಇಲ್ಲ,” ಅಂದೆ.

“ಇಪ್ಪತ್ತೊಂದು ಸುತ್ತು ಸರಿಯಾಗಿ ಹಾಕ್ತೀಯೋ ಇಲ್ವೋ? ನನ್ನ ಸೊಸೆ ನೋಡು,” ಅಂದು, ಹೇಗೆ ಸುತ್ತು ಹಾಕಬೇಕು, ಹಿಂದೆ ಯಾರೂ ಬರದ ಹಾಗೆ ಹೇಗೆ ನೋಡಿಕೊಳ್ಳಬೇಕು ಎಂದು ಮೊದಲಿನಿಂದ ಹೇಳಿಕೊಡಲು ಶುರು ಮಾಡಿದಳು. ಬಸ್ಸು ಬರುವವರೆಗೆ ಕೇಳಿದೆ.